ನಯ ಪುಡಿ, ಒರಟು ಪುಡಿ

ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಒಂದೇ ಬಾಗಿಲಿನ ಅಂಗಡಿ ಇಟ್ಟುಕೊಂಡು ಕೋವಿ ರಿಪೇರಿ ಮಾಡುತ್ತಿದ್ದ ಆ ಮೇಸ್ತ್ರಿ ಕೂತು ಚಾ ಕುಡಿದದ್ದನ್ನು ನಾನು ಬಹಳ ದಿನ ಕಂಡವಳಲ್ಲ. ಲೋಟ ಕೈಗೆ ಬಂತೋ, ಎದ್ದರು. ಒಂದು ಗುಟುಕು ಹೀರಿ ಬಾಗಿಲಿಗೆ ಬಂದರು, ರಸ್ತೆ ನೋಡಿದರು, ಒಳಗೆ ಹೋದರು, ಇನ್ನೊಂದು ಗುಟುಕು. ಅಷ್ಟರಲ್ಲಿ ಲೋಟದ ಅಂಚಿನ ಮೇಲೆ ಹೆಬ್ಬೆರಳು ಓಡಿಸಿ, "ಇದನ್ನ ಮಾಡ್ದವ ಯಾವನ್ರೀ, ಅಂಚು ಮಡಚಾಕೂ ಬರಲ್ಲ ಬಡ್ಡಿಮಗಂಗೆ" ಅಂತ ಬೈದೂ ಆಗಿರುತ್ತಿತ್ತು. ನಲ್ಲಿ, ಚಿಲಕ, ಬಸ್ಸಿನ ಕಂಬಿ, ನನ್ನ ಕೊರಳಿನ ಸೀಟಿ ಸಹ ಬಿಡಲಿಲ್ಲ. ಎಳೆದು ತಗೊಂಡು ತಿರುಗಿಸಿ ನೋಡಿ, "ಒಳಗೆ ಮುಳ್ಳು ಐತೆ, ಅದಕ್ಕೇ ಗೊರಗೊರ ಅಂತೈತೆ" ಅಂದು, ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಅರ ಹಾಕಿಬಿಟ್ಟರು. ಆಮೇಲೆ ಸೀಟಿ ಎಷ್ಟು ಜೋರಾಯಿತೆಂದರೆ ನಮ್ಮ ಹೆಡ್ಮಾಸ್ಟರು ಕಿವಿ ಮುಚ್ಚಿಕೊಳ್ಳತೊಡಗಿದರು.

ಮೇಸ್ತ್ರಿ ಹೋದ ತಿಂಗಳು ತೀರಿಕೊಂಡರು. ನಡುವೆ ಎರಡು ವರ್ಷ ಅಂಗಡಿಗೆ ಬೀಗ ಹಾಕಿದ್ದರು. ವಯಸ್ಸಾಯ್ತು, ಕೈ ಕೆಟ್ಟಿತು ಅಂತ ಜನ ಅಂದುಕೊಂಡರು. ಜನ ಏನಾದರೂ ಅಂದುಕೊಳ್ಳಲಿ, ಅವರೂ ಹಾಗೇ ಅಂದುಕೊಂಡರಲ್ಲ, ಅದು ನನ್ನ ಸಂಕಟ. ಕೈ ಕೆಟ್ಟಿರಲಿಲ್ಲ. ಆ ವಿಷಯ ಈ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು, ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯಲು ಕೂತು ಈಗಾಗಲೇ ಮೂರು ಸಲ ಎದ್ದಿದ್ದೇನೆ. ಒಲೆ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಹೋಗಿ ಬಂದೆ.

ನಾನು ಜಗಳೂರು ಕಡೆಯವಳು. ನ್ಯಾಮತಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ನಮ್ಮಪ್ಪ ಕುರಿ ಸಾಕಿಕೊಂಡು, ಶೇಂಗಾ ಮೆಕ್ಕೆಜೋಳ ಬೆಳೆದುಕೊಂಡು ಇದ್ದವರು. ಹಂದಿ ಕಾಟಕ್ಕೆ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಮಾಡಿಸಿ ಒಂದು ರೈಫಲ್ ಇಟ್ಟುಕೊಂಡಿದ್ದರು. ಹಂದಿಗೆ ಹೊಡೆದದ್ದಕ್ಕಿಂತ ಮುಗಿಲಿಗೆ ಹೊಡೆದು ಹೆದರಿಸಿದ್ದೇ ಹೆಚ್ಚು. ಅಪ್ಪ ಹೋದ ಮೇಲೆ ಅಣ್ಣಂದಿರು "ಪೊಲೀಸು, ಎಲೆಕ್ಷನ್ನು, ಠಾಣೆಗೆ ಒಯ್ದು ಇಡೋದು, ತರೋದು, ಯಾರಿಗೆ ಬೇಕವ್ವ ಆ ತಲೆನೋವು" ಅಂದರು. ನನಗೆ ಬೇಕು ಅಂದೆ. ಆಫೀಸಿನಿಂದ ಆಫೀಸಿಗೆ ಅಲೆದು, ಚಪ್ಪಲಿ ಸವೆಸಿ, ನನ್ನ ಹೆಸರಿಗೆ ಮಾಡಿಸಿಕೊಂಡೆ. ಹೊನ್ನಾಳಿ ಹತ್ತಿರ ಬಿಟ್ಟುಬಿಟ್ಟ ಒಂದು ಕಲ್ಲು ಕ್ವಾರಿಯಲ್ಲಿ ಭಾನುವಾರ ಗುರಿ ಹೊಡೆಯುವ ಏಳೆಂಟು ಜನರ ಕ್ಲಬ್ಬು ಇತ್ತು, ಅದಕ್ಕೆ ಸೇರಿದೆ. ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಬೀಜ ಗೊಬ್ಬರದ ಅಂಗಡಿ ನಡೆಸುತ್ತಿದ್ದ ಕ್ಲಬ್ಬಿನ ಕಾರ್ಯದರ್ಶಿ ಮೊದಲ ದಿನವೇ "ಇದು ಲಟ್ಟಣಿಗೆ ಅಲ್ಲ ಟೀಚರಮ್ಮ, ಭುಜಕ್ಕೆ ಗಟ್ಟಿ ಒತ್ತಿ ಹಿಡೀರಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಆ ಮಾತು ಮುಳ್ಳಿನಂತೆ ಚುಚ್ಚಿಕೊಂಡು ಉಳಿಯಿತು.

ನನ್ನ ರೈಫಲ್ಲಿನ ಕಾಯಿಲೆ ಏನಪ್ಪಾ ಅಂದರೆ, ಮೊದಲ ಹತ್ತು ಗುಂಡು ಚೆನ್ನಾಗಿ ಹೋಗುತ್ತಿದ್ದವು, ಆಮೇಲೆ ದಿಕ್ಕಾಪಾಲು. ನಮ್ಮ ಕ್ವಾರಿಯಲ್ಲಿ ಇಂಚು ಸೆಂಟಿಮೀಟರ್ ಲೆಕ್ಕ ಯಾರೂ ಹೇಳುತ್ತಿರಲಿಲ್ಲ. ಐದು ಗುಂಡು ನಿಂಬೆಹಣ್ಣಿನಗಲ ಬಿದ್ದರೆ ಭೇಷ್, ಮೋಸಂಬಿ ಅಗಲ ಬಿದ್ದರೆ ಪರವಾಗಿಲ್ಲ, ತೆಂಗಿನಕಾಯಿ ಆದರೆ ಮನೆಗೆ ಹೋಗು. ನನ್ನದು ನಿಂಬೆಹಣ್ಣಿನಿಂದ ಶುರುವಾಗಿ ಮೂವತ್ತನೇ ಗುಂಡಿಗೆ ತೆಂಗಿನಕಾಯಿ ಆಗುತ್ತಿತ್ತು. ಚನ್ನಗಿರಿ ಮೇಸ್ತ್ರಿ ಹತ್ತಿರ ಒಯ್ಯಿರಿ, ಮಿಲಿಟರಿಯಲ್ಲಿ ಇದೇ ಕೆಲಸ ಮಾಡಿ ಬಂದವರು ಅಂತ ಯಾರೋ ಹೇಳಿದರು.

ಮೇಸ್ತ್ರಿ ಬೋಲ್ಟ್ ಬಿಚ್ಚಿ, ನಳಿಗೆಯ ಹಿಂದಿನ ತುದಿಗೆ ಒಂದು ಬಿಳಿ ಕಾಗದದ ಚೂರು ಹಿಡಿದು, ಮುಂದಿನ ಬಾಯಿಂದ ಒಂದೇ ಕಣ್ಣಲ್ಲಿ ನೋಡಿದರು.

"ಯಾರ್ರೀ ಇದನ್ನ ಇಷ್ಟು ಉಜ್ಜಿದ್ದು?"

"ನಾನೇ. ಕನ್ನಡಿ ಥರ ಹೊಳೀಬೇಕಲ್ಲ."

"ಯಾಕೆ, ಒಳಗೆ ಮುಖ ನೋಡ್ಕಂತೀರಾ?"

ನನಗೆ ಕೋಪ ಬಂತು. ಅದನ್ನು ಅವರು ಗಮನಿಸಲೂ ಇಲ್ಲ. ಆಗಲೇ ಬಾಗಿಲಿಗೆ ಹೋಗಿ ಬಂದಿದ್ದರು. ಓಡಾಡುತ್ತಲೇ ಪಾಠ ಶುರು ಮಾಡಿದರು. ಅರ್ಧ ಮಾತು ರಸ್ತೆಗೆ, ಅರ್ಧ ನನಗೆ.

"ನೋಡ್ರಿ, ಗುಂಡಿನ ಒಳಗೆ ಸೀಸ, ಮ್ಯಾಲೆ ತಾಮ್ರದ ಅಂಗಿ. ನಳಿಗೆ ಒಳಗೆ ತಿರುಪಿನ ಕಾಲುವೆ ಕೊರೆದಿರ್ತಾರೆ, ಅದು ಗುಂಡನ್ನ ಹಿಡಿದು ತಿರುಗಿಸಿ ಬಿಡ್ತೈತೆ. ಕೊರೆಯೋವಾಗ ಉಳಿ ಅಡ್ಡಡ್ಡ ಗೆರೆ ಬಿಟ್ಟಿರ್ತೈತೆ, ಬಳೆ ಬಳೆ ಥರ. ಆ ಒಂದೊಂದು ಬಳೆನೂ ತಾಮ್ರನ ತುರೀತೈತೆ, ತುರಿಮಣೆ ಕಾಯಿ ತುರಿದಂಗೆ. ತುರಿದದ್ದು ಅಲ್ಲೇ ಮೆತ್ತಿಕೊಂತೈತೆ. ಅದರ ಮ್ಯಾಲೆ ಇನ್ನೊಂದು ಪದರ, ಇನ್ನೊಂದು ಪದರ. ಆಮ್ಯಾಲೆ ಗುಂಡು ಹೆಂಗೆ ನೆಟ್ಟಗೆ ಹೋಗಬೇಕು?"

"ಅದಕ್ಕೇ ಅಲ್ವಾ ನಾನು ನುಣ್ಣಗೆ ಉಜ್ಜಿದ್ದು?"

"ನಿಮ್ಮ ಬಟ್ಟೆ ಪಾಲಿಶ್ಶು ಗೆರೆಯ ತಲೆ ಸವರೈತೆ, ಗೆರೆ ಹಂಗೇ ಕುಂತೈತೆ. ಮಿಂಚು ಬ್ಯಾರೆ, ನಯ ಬ್ಯಾರೆ. ಇನ್ನೂ ಒಂದು ಹೇಳ್ತೀನಿ ಕೇಳ್ರಿ. ಪೂರ್ತಿ ಕನ್ನಡಿ ಮಾಡಿದ್ರೂ ತಾಮ್ರ ಅಂಟತೈತೆ. ಅತಿ ನುಣುಪಾದ್ರೆ ಗುಂಡು ಇಡೀ ಮೈ ಒತ್ತಿಕೊಂಡು ಉಜ್ಜಿಕೊಂಡು ಹೋಗ್ತೈತೆ, ಕಾವು ಏರ್ತೈತೆ. ಗೆರೆ ಇರ್ಲಿ, ಸಣ್ಣವಿರ್ಲಿ, ಉದ್ದಕ್ಕಿರ್ಲಿ, ಗುಂಡು ಹೋಗೋ ದಾರಿಗೇ ಇರ್ಲಿ. ಅಡ್ಡ ಇರಬಾರ್ದು, ಅಷ್ಟೇ."

ಬಿಟ್ಟು ಹೋಗಿ, ಶನಿವಾರ ಬನ್ನಿ ಅಂದರು. ನಾನು ಶನಿವಾರದವರೆಗೆ ಕಾಯುವವಳಲ್ಲ, ಗುರುವಾರವೇ ಹೋದೆ. ಹೋದದ್ದು ಒಳ್ಳೆಯದಾಯಿತು, ಕೆಲಸ ಕಣ್ಣಾರೆ ಕಂಡೆ. ನಳಿಗೆಯೊಳಗೆ ಕಬ್ಬಿಣದ ಸರಳು ಇಟ್ಟು, ಅದರ ತುದಿಗೆ ಕರಗಿದ ಸೀಸ ಹುಯ್ದರು. ಆರಿದ ಮೇಲೆ ಆ ಸೀಸದ ಗಟ್ಟಿ ಒಳಗಿನ ಕಾಲುವೆಗಳ ಅಚ್ಚನ್ನೇ ಹೊತ್ತುಕೊಂಡು ಹೊರಗೆ ಬಂತು. ಅದಕ್ಕೆ ಎಣ್ಣೆ ಸವರಿ, ಉಜ್ಜುವ ಪುಡಿ ಹಚ್ಚಿ, ಮತ್ತೆ ಒಳಗೆ ತಳ್ಳಿ ಎಳೆಯತೊಡಗಿದರು. ಪುಡಿಗೆ ಎರಡು ತಗಡಿನ ಡಬ್ಬಿ, ಎರಡೂ ಒಂದೇ ಥರ. ಒಂದರಲ್ಲಿ ನಯ ಪುಡಿ, ಇನ್ನೊಂದರಲ್ಲಿ ಒರಟು. ಚೀಟಿ ಅಂಟಿಸಬಾರದೇ ಮೇಸ್ತ್ರಿ ಅಂದೆ. "ಬೆರಳಿಗೆ ಗೊತ್ತಾಗ್ತೈತೆ ಬಿಡ್ರಿ" ಅಂದರು.

ಸರಳು ಹಿಡಿದಾಗ ಮಾತ್ರ ಆ ಮನುಷ್ಯನ ಕಾಲು ನೆಲಕ್ಕೆ ಊರಿಕೊಳ್ಳುತ್ತಿದ್ದವು. ಅರ್ಧ ಗಂಟೆ ಅಲ್ಲಾಡಲಿಲ್ಲ. ಕಣ್ಣು ಮುಚ್ಚಿಕೊಂಡು "ಬಿಗಿ... ಬಿಗಿ... ಸಡಿಲ... ಬಿಗಿ" ಅಂತ ಗೊಣಗುತ್ತಿದ್ದರು. ಸಡಿಲ ಅಂದ ಕಡೆ ಹಗುರಾಗಿ, ಬಿಗಿ ಅಂದ ಕಡೆ ಎರಡು ಸಲ. ನಾನು ಬಾಗಿಲಲ್ಲಿ ನಿಂತು ಉಸಿರು ಸಹ ಮೆಲ್ಲಗೆ ಬಿಟ್ಟೆ. ಈ ಮನುಷ್ಯ ನನಗೆ ಇಷ್ಟವಾದದ್ದು ಆ ಹೊತ್ತಿನಲ್ಲಿ.

ಕೊಡುವಾಗ ಸ್ವಚ್ಛ ಮಾಡುವ ಕ್ರಮ ಹೇಳಿದರು. ಮೂಗು ಕಿತ್ತುಹೋಗುವಂಥ ಅಮೋನಿಯಾ ನೀರು ಒಂದು ಸೀಸೆ ಕೊಟ್ಟರು. ಚಿಂದಿ ಬಟ್ಟೆಯನ್ನು ಅದರಲ್ಲಿ ಅದ್ದಿ ನಳಿಗೆಯಲ್ಲಿ ಓಡಿಸಬೇಕು. ಬಟ್ಟೆ ನೀಲಿಯಾಗಿ ಬಂದರೆ ಒಳಗೆ ತಾಮ್ರ ಇದೆ. ಬಿಳಿಯಾಗಿ ಬಂತೋ, ಕೈ ಬಿಡಬೇಕು, ಎಣ್ಣೆ ಹಚ್ಚಿ ಇಡಬೇಕು.

"ನನ್ನ ಕೈ ಸುಮ್ಮನಿರಲ್ಲ ಮೇಸ್ತ್ರಿ."

"ನಂದೂ ಇರಲ್ಲ. ಅದಕ್ಕೇ ಹೇಳ್ತಿರೋದು."

ಭಾನುವಾರ ಕ್ವಾರಿಯಲ್ಲಿ ಮೂವತ್ತು ಗುಂಡು ಹೊಡೆದೆ. ಮೊದಲ ಐದು ನಿಂಬೆಹಣ್ಣು, ಕೊನೆಯ ಐದೂ ನಿಂಬೆಹಣ್ಣು. ಕಾರ್ಯದರ್ಶಿ ಹಲಗೆ ಹತ್ತಿರ ಹೋಗಿ ನೋಡಿ ಬಂದು, "ಈ ಸಲ ರಾಜ್ಯ ಮಟ್ಟಕ್ಕೆ ಟೀಚರಮ್ಮರನ್ನೇ ಕಳಿಸೋಣ" ಅಂದರು. ಬಸ್ಸಿನಲ್ಲಿ ಮನೆಗೆ ಬರುವಾಗ ಕಂಡಕ್ಟರು ಟಿಕೆಟ್ ಅಂತ ಕೇಳಿದ್ದಕ್ಕೂ ನಗುತ್ತಿದ್ದೆ ನಾನು.

ಹದಿನೈದು ದಿನಕ್ಕೆ ಆಯುಧ ಪೂಜೆ ಬಂತು. ಅಪ್ಪ ಇದ್ದಾಗಿನಿಂದ ಆ ದಿನ ರೈಫಲ್ ದೇವರ ಮುಂದೆ. ಎತ್ತಿ ನೋಡಿದೆ, ನಳಿಗೆಯ ಬಾಯಲ್ಲಿ ಕೆಂಪಗೆ ಒಂದೆರಡು ಎಳೆ ತಾಮ್ರ ಮಿಂಚಿತು. ಸೀಸೆ ಖಾಲಿಯಾಗಿತ್ತು. ಹಬ್ಬಕ್ಕೆ ಚನ್ನಗಿರಿ ಅಂಗಡಿ ಬಾಗಿಲು ಹಾಕಿತ್ತು. ಅಡುಗೆಮನೆಯಲ್ಲಿ ಪೂಜೆಯ ತಾಮ್ರದ ಚೊಂಬು, ತಂಬಿಗೆ ಬೆಳಗಲು ಹುಣಸೆಹಣ್ಣು ಉಪ್ಪು ಕಿವುಚಿ ಇಟ್ಟಿದ್ದೆ. ತಿಕ್ಕಿದ ಚೊಂಬು ಹೊಸದರಂತೆ ಹೊಳೆಯುತ್ತಿತ್ತು. ಅಯ್ಯೋ, ಅಲ್ಲೂ ತಾಮ್ರ, ಇಲ್ಲೂ ತಾಮ್ರ, ಅದೇನು ಮಹಾ ಅನ್ನಿಸಿತು. ಹುಣಸೆಹುಳಿಯಲ್ಲಿ ಚಿಂದಿ ನೆನೆಸಿ ನಳಿಗೆಗೆ ತುರುಕಿದೆ. ಚೆನ್ನಾಗಿ ಬಿಡಲಿ ಅಂತ ಹಾಗೇ ಬಿಟ್ಟು ಹೋಳಿಗೆ ಬೇಯಿಸಲು ಹೋದೆ. ಆಮೇಲೆ ಬಿಸಿನೀರು ಹುಯ್ದು ತೊಳೆದೆ, ಒರೆಸಿದೆ, ಕುಂಕುಮ ಇಟ್ಟೆ, ಚೆಂಡುಹೂ ಏರಿಸಿದೆ, ಕೈ ಮುಗಿದೆ. ಎಣ್ಣೆ? ಪೂಜೆಗಿಟ್ಟದ್ದಕ್ಕೆ ಎಣ್ಣೆ ಯಾಕೆ ಅಂತ ಬಿಟ್ಟೆ.

ಮೂರನೇ ದಿನ ಬಟ್ಟೆ ಓಡಿಸಿದರೆ ಕೆಂಪು ಮಣ್ಣು ಕಲಸಿದಂಥ ತುಕ್ಕು. ತಾಮ್ರಕ್ಕೆ ಒಳ್ಳೆಯದಾದ ಹುಳಿ ಕಬ್ಬಿಣವನ್ನು ತಿಂದುಹಾಕಿತ್ತು. ಆಗಲಾದರೂ ಚನ್ನಗಿರಿಗೆ ಓಡಬೇಕಿತ್ತು. ಓಡಲಿಲ್ಲ. ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಸರಳಿಗೆ ಸುತ್ತಿ, ಬಟ್ಟೆ ಬೆಳ್ಳಗೆ ಬರುವ ತನಕ ತಿಕ್ಕಿದೆ. ತುಕ್ಕು ಹೋಯಿತು. ಒಳಗೆ ಮಾತ್ರ ಮಬ್ಬುಮಬ್ಬು, ಬೂದಿ ಬಣ್ಣ. ಏನೂ ಆಗಿರಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ಭಾನುವಾರ ಮೊದಲ ಐದೇ ಮೋಸಂಬಿ. ಹದಿನೈದಕ್ಕೆ ತೆಂಗಿನಕಾಯಿ. ಬಟ್ಟೆ ಎಷ್ಟು ಓಡಿಸಿದರೂ ನೀಲಿ, ನೀಲಿ, ನೀಲಿ.

"ಮೊನ್ನೆ ಮೇಸ್ತ್ರಿ ಕೈಗೆ ಕೊಟ್ಟಿದ್ರಲ್ವಾ? ಏನೋ ಹೆಚ್ಚುಕಮ್ಮಿ ಮಾಡ್ಯಾರೆ ನೋಡ್ರಿ, ಮೊದಲ ವಾರ ತಡಕಂತು, ಈಗ ಬಿಟ್ಟೋತು" ಅಂದರು ಕಾರ್ಯದರ್ಶಿ.

ನಾನು ಬಗ್ಗಿ ಖಾಲಿ ತೋಟಾ ಆರಿಸತೊಡಗಿದೆ. ಹೇಳಬೇಕಾದ ಜಾಗ ಅದೇ. ಆದರೆ ಆ ಏಳು ಗಂಡಸರ ಮುಂದೆ ಹುಣಸೆಹಣ್ಣು ಅನ್ನುವ ಪದ ಹೇಗೆ ಬಾಯಿಂದ ಬರಬೇಕು? ಲಟ್ಟಣಿಗೆ ಅಂದವರು ಇನ್ನೇನು ಅನ್ನಬಹುದು?

ಕಾರ್ಯದರ್ಶಿ ಬಿಡಲಿಲ್ಲ, ಮರುದಿನ ಅವರೇ ನನ್ನನ್ನು ಚನ್ನಗಿರಿಗೆ ಕರೆದುಕೊಂಡು ಹೋದರು. ಆ ಮೊದಲ ಭಾನುವಾರದ ನಿಂಬೆಹಣ್ಣಿನ ಮಾತನ್ನು ಅಲ್ಲಿ ನಾವಿಬ್ಬರೂ ಎತ್ತಲಿಲ್ಲ. ಮೇಸ್ತ್ರಿ ಕಾಗದ ಹಿಡಿದು ನೋಡಿದರು. ಬಾಗಿಲಿನ ಬೆಳಕಿಗೆ ಒಯ್ದು ನೋಡಿದರು. ಒಳಗೆ ತಂದು ಟಾರ್ಚು ಬಿಟ್ಟು ನೋಡಿದರು. ಅವರಿಗೆ ಆ ಬೇಸಿಗೆಯಲ್ಲಿ ಕಣ್ಣಿನ ಪೊರೆ ತೆಗೆದಿದ್ದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. ಆಮೇಲೆ ಆ ಎರಡು ಡಬ್ಬಿ ಇಳಿಸಿ, ಒಂದೊಂದರಿಂದ ಒಂದೊಂದು ಚಿಟಿಕೆ ತಗೊಂಡು ಬೆರಳಲ್ಲಿ ಹೊಸಕಿದರು. ಹೊಸಕುತ್ತಲೇ ಇದ್ದರು.

"ಒರಟಿನ ಡಬ್ಬಿಗೆ ಕೈ ಹಾಕೀನಿ ನಾನು" ಅಂದರು. "ಇಲ್ಲಾಂದ್ರೆ ಹಿಂಗಾಗಾಕೆ ಸಾಧ್ಯ ಇಲ್ಲ. ಕಣ್ಣು ಹೋದ್ರೂ ಬೆರಳೈತೆ ಅಂದ್ಕಂಡಿದ್ದೆ. ಬೆರಳೂ ಹೋತು."

"ವಯಸ್ಸು ಮೇಸ್ತ್ರಿ, ಯಾರಿಗಾದ್ರೂ ಆಗ್ತೈತೆ" ಅಂದರು ಕಾರ್ಯದರ್ಶಿ, ದೊಡ್ಡ ಮನಸ್ಸು ಮಾಡಿ.

ಮೇಸ್ತ್ರಿ ನನ್ನ ಕಡೆ ತಿರುಗಿದರು. "ತಪ್ಪಾತು ಟೀಚರಮ್ಮ. ನಿಮ್ಮ ಅಪ್ಪಾರ ರೈಫಲ್ಲು."

"ಇರ್ಲಿ ಬಿಡ್ರಿ" ಅಂದೆ.

ಹಾಗಂತ ಅಂದೆ ನಾನು! ಅವರನ್ನು ಕ್ಷಮಿಸಿದೆ! ನಾನು, ಅವರನ್ನು. ಇವತ್ತಿಗೂ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ತಿಂಗಳೊಳಗೆ ಅಂಗಡಿ ಬಾಗಿಲು ಹಾಕಿತು. ಡಬ್ಬಿ ಗುರುತು ಸಿಗದವನು ಜನರ ಕೋವಿ ಮುಟ್ಟಬಾರದು ಅಂತ ಅವರೇ ಹೇಳಿದರಂತೆ. ಕ್ಲಬ್ಬಿನವರು ರಿಪೇರಿಗೆ ದಾವಣಗೆರೆ ಕಡೆ ಹೋಗತೊಡಗಿದರು. ರಾಜ್ಯ ಮಟ್ಟಕ್ಕೆ ಬೇರೆ ಯಾರೋ ಹೋದರು. ನನಗೆ ಅದರ ಮೇಲೆ ಆಸೆಯೂ ಉಳಿದಿರಲಿಲ್ಲ.

ಆ ಎರಡು ವರ್ಷ ನಾನು ಒಂದು ಕಡೆ ನೆಟ್ಟಗೆ ಕೂತವಳಲ್ಲ. ಮಕ್ಕಳಿಗೆ ಕವಾಯತು ಮಾಡಿಸುತ್ತಾ ಮಾಡಿಸುತ್ತಾ "ಎಡಕ್ಕೆ ತಿರುಗು" ಅಂದು ಮುಂದಿನ ಆಜ್ಞೆ ಮರೆತು ನಿಲ್ಲುತ್ತಿದ್ದೆ. ಮೂರು ಸಲ ಹೇಳಿಬಿಡೋಣ ಅಂತ ಹೊರಟೆ. ಜಗಳೂರಿನಿಂದ ಅವ್ವನನ್ನು ನೋಡಿಕೊಂಡು ಬರುವಾಗ ದಾವಣಗೆರೆಯಲ್ಲಿ ಚನ್ನಗಿರಿ ಬಸ್ಸು ಹತ್ತುವುದು, ದಾರಿಯಲ್ಲಿ ಕೆರೆಬಿಳಚಿ ಬರುವಷ್ಟರಲ್ಲಿ ಇಳಿದುಬಿಡುವುದು, ಎದುರಿನ ಬಸ್ಸು ಹಿಡಿದು ವಾಪಸ್ಸು ಬರುವುದು. ಮೂರನೇ ಸಲ ಅಲ್ಲಿ ಹೂ ಮಾರುವಾಕೆ "ಯಾರ ಮನೆಗೆ ಬರ್ತೀರವ್ವಾ ನೀವು?" ಅಂತ ಕೇಳಿದಳು. ಏನು ಹೇಳಲಿ ಅವಳಿಗೆ?

ಕೊನೆಗೆ ಅವರೇ ನನ್ನ ಕಣ್ಣಿಗೆ ಬಿದ್ದರು, ನ್ಯಾಮತಿ ಬಸ್ ಸ್ಟ್ಯಾಂಡಿನಲ್ಲಿ. ಸೂರಗೊಂಡನಕೊಪ್ಪದ ಜಾತ್ರೆಗೆ ಹೋಗುವ ಮಾಲೆ ಹಾಕಿದವರು ತುಂಬಿ ಗಿಜಿಗಿಜಿ ಅನ್ನುತ್ತಿತ್ತು. ಮೇಸ್ತ್ರಿ ಕಲ್ಲು ಬೆಂಚಿನ ಮೇಲೆ ಕೂತಿದ್ದರು. ಎರಡೂ ಕೈ ತೊಡೆ ಮೇಲೆ. ಮಗಳ ಮನೆಗೆ ಬಂದಿದ್ದೆ ಅಂದರು. ಅವರ ಬಸ್ಸು ಬಂತು, ಹೋಯಿತು. ಏಳಲಿಲ್ಲ. "ಇನ್ನೊಂದು ಬರ್ಲಿ ಬಿಡ್ರಿ, ಏನು ಅವಸರ ಐತೆ ನನಗೆ" ಅಂದರು. ನಾನು ಚಾ ತಂದುಕೊಟ್ಟೆ. ಕೂತೇ ಕುಡಿದರು, ಪೂರ್ತಿ. ಲೋಟದ ಅಂಚಿಗೆ ಬೆರಳು ಹೋಗಲಿಲ್ಲ. ಅದನ್ನು ನನ್ನಿಂದ ನೋಡಲಾಗಲಿಲ್ಲ.

"ಮೇಸ್ತ್ರಿ, ನಾನು ಬ್ಯಾರಲ್ಲಿಗೆ ಹುಣಸೆಹುಳಿ ಹಾಕಿದ್ದೆ."

"ಏನಂದ್ರಿ?"

"ಹುಣಸೆಹಣ್ಣು. ಉಪ್ಪು ಸೇರಿಸಿ. ಆಯುಧ ಪೂಜೆ ದಿನ."

"ನಳಿಗೆ ಒಳಗೆ?"

"ಹೂಂ."

"ಎಷ್ಟು ಹೊತ್ತು?"

"ಹೋಳಿಗೆ ಬೇಯಿಸೋವಷ್ಟು ಹೊತ್ತು. ತುಕ್ಕು ಬಂತು. ಪಾತ್ರೆ ತಿಕ್ಕೋ ನಾರು ಹಾಕಿ ತಿಕ್ಕಿದೆ."

ಅವರು ಎದ್ದು ನಿಂತರು. "ಹಂಗಾದ್ರೆ ಪುಡಿ..."

"ಪುಡಿ ಸರಿ ಇತ್ತು. ನೀವು ನಯ ಪುಡೀನೇ ಹಾಕಿದ್ರಿ. ನೀವು ಕೊಟ್ಟ ವಾರ ಮೂವತ್ತು ಗುಂಡೂ ನಿಂಬೆಹಣ್ಣಿನಗಲದಾಗೆ ಬಿದ್ದಿದ್ವು."

ಎರಡೂ ಕೈ ಎತ್ತಿ ಮುಖದ ಮುಂದೆ ಹಿಡಿದು ಹತ್ತೂ ಬೆರಳನ್ನು ನೋಡಿಕೊಂಡರು. ನಕ್ಕರು. ಮಗು ನಕ್ಕಂತೆ, ಶಬ್ದ ಮಾಡಿ ನಕ್ಕರು. ಪಕ್ಕದಲ್ಲಿ ನಿಂತಿದ್ದ ಮಾಲಾಧಾರಿಯೊಬ್ಬರು ತಿರುಗಿ ನೋಡಿದರು. ನನಗೆ ಅಳು ಬಂತು, ಸಂತೋಷವೂ ಆಯಿತು, ಸದ್ಯ ಮುಗಿಯಿತಲ್ಲ ಅಂದುಕೊಂಡೆ. ಮುಗಿದಿರಲಿಲ್ಲ. ನಗು ಹಾಗೇ ನಿಂತು ಮುಖ ಕೆಂಪಗಾಯಿತು.

"ಎರಡು ವರ್ಷ" ಅಂದರು. "ನನ್ನ ಮುಂದೆ ನಿಂತ್ಕಂಡು ಇರ್ಲಿ ಬಿಡ್ರಿ ಅಂದೆ ನೀನು."

"ಎಲ್ಲರೂ ನಗ್ತಾರೆ ಅಂತ..."

"ನಗಲಿ! ನಕ್ಕಿದ್ರೆ ಸಾಯ್ತಿದ್ಯಾ? ಎರಡು ವರ್ಷ ಇಲ್ಲಿ ನಾನು ಸತ್ತು ಕುಂತೀನಲ್ಲೇ!"

ಅಷ್ಟು ದಿನ ಬಹುವಚನದಲ್ಲಿ ಮಾತಾಡಿಸಿದ ಮನುಷ್ಯ. ಬಸ್ಸಿನ ಸದ್ದಾಯಿತು. ಚೀಲ ಎತ್ತಿಕೊಂಡರು.

"ಭಾನುವಾರ ಅವರ ಮುಂದೆ ಹೇಳ್ತೀಯಾ ಇದನ್ನ?"

"ಹೇಳ್ತೀನಿ."

"ಹೇಳು. ಹೇಳಿಬಿಟ್ಟು, ನನ್ನ ಅಂಗಡಿ ಕಡೆ ಮುಖ ಹಾಕಬ್ಯಾಡ."

ಬಸ್ಸು ಇನ್ನೂ ನಿಂತಿರಲಿಲ್ಲ, ಓಡಿ ಹತ್ತಿದರು.

ಭಾನುವಾರ ಹೇಳಿದೆ. ಕಾರ್ಯದರ್ಶಿ ನಕ್ಕು ನಕ್ಕು ಕೆಮ್ಮು ಹತ್ತಿ ನೀರು ಕುಡಿಯಬೇಕಾಯಿತು. ಆವತ್ತಿನಿಂದ ಹೊನ್ನಾಳಿಯಿಂದ ಚನ್ನಗಿರಿಯವರೆಗೆ ಕೋವಿ ಇದ್ದವರ ಬಾಯಲ್ಲೆಲ್ಲ ನಾನು ಹುಣಸೆ ಟೀಚರು. ಅನ್ನಲಿ ಬಿಡಿ. ಮುಂದಿನ ವಾರ ಅವರೆಲ್ಲರ ಕೋವಿಗಳೂ ಮತ್ತೆ ಆ ಸಂದಿಯ ಅಂಗಡಿಗೇ ಹೋದವು. ನನ್ನದನ್ನು ಒಬ್ಬರ ಕೈಲಿ ಕಳಿಸಿದ್ದೆ, ಬಿಚ್ಚದೆ ಹಾಗೇ ವಾಪಸ್ಸು ಬಂತು. ಎರಡನೇ ಸಲ ಕಳಿಸುವ ಮುಖ ನನಗಿರಲಿಲ್ಲ. ಚನ್ನಗಿರಿಗೆ ಹೋದಾಗ ಸಂದಿಯ ಬಾಯಲ್ಲಿ ಒಂದು ನಿಮಿಷ ನಿಂತು, ಅರದ ಸದ್ದು ಕೇಳಿಸಿಕೊಂಡು, ಬಸ್ಸಿಗೆ ಬರುತ್ತಿದ್ದೆ. ಹೀಗೇ ನಾಲ್ಕು ವರ್ಷ.

ಒಂದು ಮಂಗಳವಾರ ಬೆಳಿಗ್ಗೆ ಹೋಗಿಬಿಟ್ಟರಂತೆ. ಮಣ್ಣಿಗೆ ಹೋದೆ. ದೂರ ನಿಂತಿದ್ದೆ. ಬೈದವರ ಮನೆಗೆ ಕರೆಯದೆ ಬಂದಿದ್ದೇನೆ ಅನ್ನುವ ಅಳುಕು. ಎಲ್ಲ ಮುಗಿದ ಮೇಲೆ ಅವರ ಹೆಂಡತಿಯೇ ಹತ್ತಿರ ಬಂದು ಕೈ ಹಿಡಿದುಕೊಂಡರು. ಅದೇ ಮೊದಲು ನಾನು ಅವರನ್ನು ನೋಡಿದ್ದು.

"ಹುಣಸೆ ಟೀಚರು ನೀನೇ ಏನವ್ವ?"

"ಹೌದಮ್ಮ."

"ಆವತ್ತು ನ್ಯಾಮತಿಯಿಂದ ಬಂದವರು ಮನೆಗೂ ಬರಲಿಲ್ಲ. ಬೀಗದಕೈ ಹುಡುಕಾಕೆ ಪುರುಸೊತ್ತಿಲ್ಲ ಅಂತ ಕಲ್ಲು ತಗೊಂಡು ತಮ್ಮ ಅಂಗಡಿ ಬೀಗ ತಾವೇ ಒಡೆದ್ರು. ಆವಾಗ್ಲಿಂದ ದಿನಾ ಕೆಲಸ. ಕೆಲಸ ಮಾಡ್ತಾ ನಿನಗೆ ಬಯ್ಯೋದು, ಬೈತಾ ಕೆಲಸ ಮಾಡೋದು. ಮನೆಯಾಗೆ ನಮಗೆಲ್ಲ ನಿನ್ನ ಹೆಸರು ಬಾಯಿಪಾಠ."

ಕೇಳಬಾರದು ಅಂದುಕೊಂಡರೂ ಕೇಳಿದೆ. "ಬಯ್ಯೋದು ನಿಲ್ಲಿಸಿದ್ರೇನಮ್ಮ, ಕೊನೆಗಾದ್ರೂ?"

ಹಿಡಿದ ಕೈಯನ್ನು ಅವರು ಬಿಡಲಿಲ್ಲ. ಸುಳ್ಳು ಹೇಳಬಹುದಿತ್ತು.

"ಇಲ್ಲವ್ವ" ಅಂದರು. "ಸೋಮವಾರನೂ ಬೈದ್ರು."